ಲೆಕ್ಕ ಬರಾಕಿಲ್ಲ ಟೀಚರಮ್ಮ

ಶಂಕರಮ್ಮ ಟೀಚರ್ ಸಿಡುಕಿ ಎಂದು ಊರಿನಲ್ಲಿ ಹೆಸರಾಗಿತ್ತು. ಹೆಸರು ಸುಳ್ಳೇನಲ್ಲ. ಆದರೆ ಊರವರು ತಿಳಿದಂತೆ ಅವಳ ಸಿಡುಕು ಮಕ್ಕಳ ಮೇಲಿನದಲ್ಲ, ಮಕ್ಕಳ ಬಾಯಲ್ಲಿ ಕೂತಿದ್ದ ಒಂದು ಮಾತಿನ ಮೇಲಿನದು. ‘ಬರಾಕಿಲ್ಲ.’ ಲೆಕ್ಕ ಬರಾಕಿಲ್ಲ, ಮಗ್ಗಿ ಬರಾಕಿಲ್ಲ, ಭೂಗೋಳ ಬರಾಕಿಲ್ಲ. ಒಂಬತ್ತು ವರ್ಷ ಆ ಮಾತನ್ನು ಕೇಳಿ ಕೇಳಿ, ಹಲ್ಲು ಕಚ್ಚಿ ಹಿಡಿದು ಹಿಡಿದು, ಸಂಜೆಯ ಹೊತ್ತಿಗೆ ಅವಳ ದವಡೆ ನೋಯುತ್ತಿತ್ತು.

ಅವಳು ಹುಟ್ಟಿದ್ದು ಯಳಂದೂರಿನಲ್ಲಿ, ಮೈಸೂರು ಸೀಮೆಯಲ್ಲಿ. ಮದುವೆಯಾಗಿ ಬಂದದ್ದು ಕೊಳ್ಳೇಗಾಲಕ್ಕೆ. ಮುಂಜಾನೆ ಗಾಡಿ ಕಟ್ಟಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ದಾರಿ. ಆದರೆ ಕೊಳ್ಳೇಗಾಲ ಮದರಾಸು ಸರ್ಕಾರದ್ದು, ಜಿಲ್ಲೆ ಕೊಯಮತ್ತೂರು, ಆಫೀಸಿನಿಂದ ಬರುವ ಕಾಗದ ಇಂಗ್ಲಿಷಿನಲ್ಲಿ ಇಲ್ಲವೆ ತಮಿಳಿನಲ್ಲಿ. ಮದುವೆಯಾದ ನಾಲ್ಕನೇ ವರ್ಷ ಗಂಡ ಕಾಲರಾದಲ್ಲಿ ತೀರಿಹೋದ. ಗಂಡನ ಮನೆಯವರು ಹಣೆಬರಹ ಎಂದರು, ತವರಿನವರೂ ಹಣೆಬರಹ ಎಂದರು. ಎರಡೂ ಮನೆಯವರು ಒಂದೇ ಮಾತನ್ನು ಒಪ್ಪಿಕೊಂಡದ್ದು ಅದೇ ಮೊದಲು. ಇಪ್ಪತ್ತೆರಡು ವರ್ಷದ ಶಂಕರಮ್ಮ ಮಾತ್ರ ಮೂಲೆಯಲ್ಲಿ ಕೂತು ಆ ಮಾತನ್ನು ಜಗಿದು ನೋಡಿದಳು, ಅದು ಗಂಟಲಿಗೆ ಇಳಿಯಲಿಲ್ಲ. ಮೈದುನನ ಹತ್ತಿರ ವಿಳಾಸ ಬರೆಸಿಕೊಂಡು ಕೊಯಮತ್ತೂರಿನ ಟ್ರೈನಿಂಗ್ ಶಾಲೆಗೆ ತಾನೇ ಅರ್ಜಿ ಹಾಕಿದಳು. ಅಲ್ಲಿ ಮೊದಲ ಸಲ ತಮಿಳಿನಲ್ಲಿ ಫೇಲಾದಳು, ಎರಡನೇ ಸಲ ಪಾಸಾದಳು. ಮೂವತ್ತೆಂಟನೇ ಇಸವಿಯಲ್ಲಿ ಮುಳ್ಳೂರಿಗೂ ಧನಗೆರೆಗೂ ನಡುವಿನ ಒಂದು ಊರಿನ ಶಾಲೆಗೆ ಟೀಚರಾಗಿ ಬಂದಳು. ಎಂಟನೇ ಕ್ಲಾಸಿನವರೆಗೆ ಇದ್ದ ಆ ಶಾಲೆಯಲ್ಲಿ ಮೇಲಿನ ಮೂರು ಕ್ಲಾಸಿನ ಲೆಕ್ಕ ಅವಳ ಪಾಲಿಗೆ ಬಿತ್ತು.

ನಲವತ್ತೇಳನೇ ಇಸವಿ, ದೀಪಾವಳಿ ರಜೆ ಮುಗಿದ ವಾರ. ಏಳನೇ ಕ್ಲಾಸಿನ ಲೆಕ್ಕದ ಪರೀಕ್ಷೆಯ ಕಾಗದಗಳನ್ನು ತಿದ್ದಿ ತಂದಿದ್ದಳು. ಇಪ್ಪತ್ಮೂರು ಮಕ್ಕಳಲ್ಲಿ ಹದಿನೇಳು ಮಂದಿ ಫೇಲು. ಅವಳು ಬೆತ್ತ ಮುಟ್ಟಲಿಲ್ಲ. ಒಬ್ಬೊಬ್ಬರನ್ನೇ ಎಬ್ಬಿಸಿ, ಯಾಕೆ ಹೀಗಾಯಿತು ಎಂದು ಕೇಳಿದಳು.

ಒಬ್ಬನಿಗೆ ಬರುವಾಗ ಬೆಕ್ಕು ಅಡ್ಡ ಬಂದಿತ್ತು. ಇನ್ನೊಬ್ಬನಿಗೆ ಲೇಖನಿಯ ಮುಳ್ಳು ಸೀಳಿತ್ತು. ಮೂರನೆಯವನ ವಂಶದಲ್ಲಿಯೇ ಲೆಕ್ಕ ಇರಲಿಲ್ಲವಂತೆ, ಅವನ ಚಿಕ್ಕಪ್ಪನೂ ಏಳರಲ್ಲೇ ಬಿಟ್ಟಿದ್ದನಂತೆ. ಬೆಟ್ಟದ ಮಾದಪ್ಪಸ್ವಾಮಿ ಕಣ್ಣು ಬಿಡಲಿಲ್ಲ ಎಂದವರು ಐದು ಜನ. ಶಂಕರಮ್ಮ ಕೇಳುತ್ತ ಹೋದಳು. ಆಮೇಲೆ ಐವತ್ತಕ್ಕೆ ನಲವತ್ತೊಂದು ತೆಗೆದಿದ್ದ ಪಟೇಲರ ಮಗ ಶಿವಮಲ್ಲನನ್ನು, ಇವನಾದರೂ ಒಂದು ನೆಟ್ಟಗಿನ ಮಾತು ಹೇಳಲಿ ಎಂದು ಎಬ್ಬಿಸಿದಳು.

“ನೀನೆಂಗೆ ತಗ್ದೆಯಪ್ಪ ಇಷ್ಟು?”

“ನಮ್ಮವ್ವ ಬೆಟ್ಟಕ್ಕೆ ಹರಕೆ ಕಟ್ಕೊಂಡಿದ್ಲು ಟೀಚರಮ್ಮ,” ಎಂದ ಶಿವಮಲ್ಲ.

ಶಂಕರಮ್ಮ ಕುರ್ಚಿಯಲ್ಲಿ ಕುಸಿದಳು. ಫೇಲಾದವರು ದೇವರ ಮೇಲೆ ಹಾಕಿದರೆ ಹಾಕಲಿ, ಪಾಸಾದವನೂ ಹಾಕುತ್ತಾನಲ್ಲ! ಇವನು ರಾತ್ರಿ ಬುಡ್ಡಿ ದೀಪದಲ್ಲಿ ಕೂತು ಲೆಕ್ಕ ಮಾಡುವುದನ್ನು ಅವಳೇ ಕಿಟಕಿಯಿಂದ ನೋಡಿದ್ದಳು.

ಉಳಿದವಳು ಕೆಂಪಾಜಮ್ಮ. ರೇಷ್ಮೆ ಹುಳು ಸಾಕುವ ಪುಟ್ಟಮಾದಪ್ಪನ ಮಗಳು, ಹದಿಮೂರು ತುಂಬಿದ ಹುಡುಗಿ, ತಡವಾಗಿ ಶಾಲೆಗೆ ಸೇರಿದವಳು. ಪದ್ಯ ಒಂದು ಸಲ ಕೇಳಿದರೆ ಒಪ್ಪಿಸುತ್ತಿದ್ದಳು. ಲೆಕ್ಕದಲ್ಲಿ ಐವತ್ತಕ್ಕೆ ಹನ್ನೊಂದು.

“ನಂಗೆ ಲೆಕ್ಕ ಬರಾಕಿಲ್ಲ ಟೀಚರಮ್ಮ,” ಎಂದಳು. ಅಳುಕಿಲ್ಲ, ನಾಚಿಕೆಯಿಲ್ಲ. ನಮ್ಮ ಮನೆ ಊರ ಮುಂದಿದೆ ಎಂದು ಹೇಳಿದ ಹಾಗೆ ಹೇಳಿದಳು.

“ಲೆಕ್ಕ ಏನೇ ಹನೂರು ಬಸ್ಸಾ, ತಾನಾಗಿ ಬರೋಕೆ? ನೀನು ಹೋಗಬೇಕು ಅದರ ಹತ್ರ.”

ಮಕ್ಕಳು ನಕ್ಕರು. ಕೆಂಪಾಜಮ್ಮನೂ ನಕ್ಕಳು. ಶಂಕರಮ್ಮನಿಗೆ ನಗು ಬರಲಿಲ್ಲ. ಆ ಹೊತ್ತಿನಲ್ಲೇ ಒಂದು ಕಟ್ಟಳೆ ಮಾಡಿದಳು. ಇನ್ನು ಮೇಲೆ ಈ ಕೋಣೆಯಲ್ಲಿ ಮಾರ್ಕಿನ ವಿಷಯ ಮಾತಾಡುವವರು ‘ನಾನು’ ಎಂದೇ ಶುರು ಮಾಡಬೇಕು. ‘ನಂಗೆ ಬರಲಿಲ್ಲ’ ಎನ್ನುವಂತಿಲ್ಲ. ‘ನಾನು ಮಗ್ಗಿ ಕಲೀಲಿಲ್ಲ’, ‘ನಾನು ಎರಡು ಸಲ ಮಾಡಿ ನೋಡಿದೆ’, ಹೀಗೆ.

ಮೊದಲ ತಿಂಗಳು ಮಕ್ಕಳಿಗೆ ಇದೊಂದು ಆಟವಾಯಿತು. “ನಾನು ಬೆಕ್ಕನ್ನು ಅಡ್ಡ ಬರಾಕೆ ಬುಟ್ಟೆ,” ಎಂದ ಒಬ್ಬ. ಶಂಕರಮ್ಮ ಅವನನ್ನು ಹೊರಗೆ ನಿಲ್ಲಿಸಿದಳು. ಆದರೆ ಬಿಡಲಿಲ್ಲ. ದಿನ ಸಂಜೆ ಕೆಂಪಾಜಮ್ಮನನ್ನು ಅರ್ಧ ಗಂಟೆ ಉಳಿಸಿಕೊಂಡು ಮೂರೇ ಮೂರು ಲೆಕ್ಕ ಮಾಡಿಸುತ್ತಿದ್ದಳು. ಒಂದು ಸಂಜೆ ಹೀಗೊಂದು ಲೆಕ್ಕ: ಆರು ಜನ ಎಂಟು ದಿನದಲ್ಲಿ ಒಂದು ಹೊಲದ ಕಳೆ ಕಿತ್ತರೆ, ನಾಲ್ಕು ಜನಕ್ಕೆ ಎಷ್ಟು ದಿನ ಬೇಕು? ಹುಡುಗಿ ಬಳಪ ಕಚ್ಚಿ, ಗೀಚಿ, ಐದು ದಿನ ಚಿಲ್ಲರೆ ಎಂದು ಬರೆದಳು.

“ನಿಮ್ಮ ಹೊಲದಲ್ಲಿ ಆಳು ಕಮ್ಮಿಯಾದ್ರೆ ಕೆಲಸ ಬೇಗ ಮುಗೀತದಾ?” ಎಂದು ಕೇಳಿದಳು ಶಂಕರಮ್ಮ.

ಕೆಂಪಾಜಮ್ಮ ಸ್ಲೇಟು ನೋಡಿದಳು. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಉಗುಳು ಹಚ್ಚಿ ಅಳಿಸಿ, ಯಾರೂ ಹೇಳಿಕೊಡದೆ ಹನ್ನೆರಡು ಎಂದು ಬರೆದಳು. “ನಾನು ತಲೆಕೆಳಗಾಗಿ ಮಾಡಿದ್ದೆ,” ಎಂದಳು. ಯಾರೂ ಹೇಳಿಸದೆ ಅವಳ ಬಾಯಿಂದ ಬಂದ ಮೊದಲ ‘ನಾನು’ ಅದು. ಸಂಕ್ರಾಂತಿಯ ನಂತರದ ಪರೀಕ್ಷೆಯಲ್ಲಿ ಅವಳಿಗೆ ಇಪ್ಪತ್ತಾರು ಬಂತು. ವರ್ಷದ ಕೊನೆಗೆ ಮೂವತ್ತೆಂಟು.

ಶಂಕರಮ್ಮ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಪರೀಕ್ಷೆಗೂ ಮಕ್ಕಳು ಹೇಳಿದ ಕಾರಣವನ್ನು ಮಾರ್ಕಿನ ಪಕ್ಕದಲ್ಲಿ ಬರೆದಿಡುತ್ತಿದ್ದಳು. ತಾವು ಮಾಡಿದ್ದನ್ನು, ಮಾಡದೆ ಬಿಟ್ಟದ್ದನ್ನು ಹೇಳಿದವರು ಮುಂದಿನ ಪರೀಕ್ಷೆಯಲ್ಲಿ ಮೇಲೇರಿದ್ದರು. ಬೆಕ್ಕು, ಲೇಖನಿ, ಹರಕೆ ಎಂದವರು ಇದ್ದಲ್ಲೇ ಇದ್ದರು. ಅದನ್ನು ತಂದು ಹೆಡ್‌ಮಾಸ್ಟರ್ ಗುರುಪಾದಸ್ವಾಮಿಯವರಿಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ಹಾಳೆ ತಿರುವಿದರು.

“ಶಂಕರಮ್ಮನೋರೆ, ಮಾರ್ಕು ತಗಂಡೋರು ನಾನು ಅಂತಾರೆ, ತಗಳದೋರು ದೇವರು ಅಂತಾರೆ. ಇದರಲ್ಲಿ ಯಾವುದು ಮುಂದು, ಯಾವುದು ಹಿಂದು? ‘ನಾನು’ ಅಂದದ್ದಕ್ಕೆ ಮಾರ್ಕು ಬಂತೋ, ಮಾರ್ಕು ಬಂದದ್ದಕ್ಕೆ ‘ನಾನು’ ಬಂತೋ?”

ಶಂಕರಮ್ಮನಿಗೆ ರೇಗಿತು. ಪ್ರಶ್ನೆ ಸರಿಯಾಗಿದ್ದುದರಿಂದ ಇನ್ನಷ್ಟು ರೇಗಿತು. ನೋಟ್‌ಬುಕ್ಕನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡು ಬಂದಳು.

ನಲವತ್ತೆಂಟರ ಮಳೆಗಾಲದಲ್ಲಿ ಅವಳು ಒಂದು ತಪ್ಪು ಮಾಡಿದಳು. ಎಂಟನೇ ಕ್ಲಾಸಿನಲ್ಲಿ ಪುಟ್ಟಗೌರಮ್ಮ ಎಂಬ ಹುಡುಗಿ ಇದ್ದಳು. ಕೂಲಿ ಮಾಡುವ ಚಿಕ್ಕಬಸಮ್ಮನ ಮಗಳು. ಮೂರು ದಿನ ಬರುವುದು, ಐದು ದಿನ ಬಾರದಿರುವುದು. ಆಗಸ್ಟಿನ ಪರೀಕ್ಷೆಯಲ್ಲಿ ಅವಳಿಗೆ ನಾಲ್ಕು ಮಾರ್ಕು ಬಂತು. ಶಂಕರಮ್ಮ ಎಬ್ಬಿಸಿ ನಿಲ್ಲಿಸಿ ಕೇಳಿದಳು.

“ನಮ್ಮ ಕೈಲಿ ಏನದೆ ಟೀಚರಮ್ಮ,” ಎಂದಳು ಹುಡುಗಿ, ನೆಲ ನೋಡುತ್ತ.

ಆ ಮಾತು ಕೇಳಿದ್ದೇ ಶಂಕರಮ್ಮನ ಒಳಗಿನದೆಲ್ಲ ಹೊರಗೆ ಬಂತು. ನಿನ್ನ ಕೈಯಲ್ಲಿ ಇಲ್ಲದೆ ಯಾರ ಕೈಯಲ್ಲಿದೆ, ಕೈ ಇರುವುದು ಯಾಕೆ, ‘ನಾನು’ ಎಂದು ಶುರು ಮಾಡುವ ತನಕ ಕೂರುವ ಹಾಗಿಲ್ಲ ಎಂದಳು. ಹುಡುಗಿ ‘ನಾನು’ ಎನ್ನಲಿಲ್ಲ. ಊಟದ ಗಂಟೆಯವರೆಗೆ ನಿಂತೇ ಇದ್ದಳು. ಮರುದಿನ ಬರಲಿಲ್ಲ. ಆ ವಾರ ಬರಲಿಲ್ಲ.

ಶನಿವಾರ ಶಂಕರಮ್ಮ ಅವಳ ಮನೆ ಹುಡುಕಿಕೊಂಡು ಹೋದಳು. ಗುಡಿಸಿಲಿನ ಬಾಗಿಲಲ್ಲಿ ಒಂದೂವರೆ ವರ್ಷದ ಕೂಸನ್ನು ಸೊಂಟಕ್ಕೆ ಇಟ್ಟುಕೊಂಡು ಪುಟ್ಟಗೌರಮ್ಮ ನಿಂತಿದ್ದಳು. ಒಳಗೆ ಜ್ವರ ಬಂದು ಮಲಗಿದ್ದ ತಾಯಿ. ಮೇಲಿನ ಹೊಲದಲ್ಲಿ ಕಳೆ ತೆಗೆಯಲು ತಾಯಿಯ ಬದಲು ಮಗಳು ಹೋಗುತ್ತಿದ್ದಳು. ಹೋಗದಿದ್ದರೆ ಹಿಟ್ಟಿಗೆ ಗತಿಯಿಲ್ಲ. ಇದನ್ನೆಲ್ಲ ಚಿಕ್ಕಬಸಮ್ಮ ಹೇಳಿದಳು.

“ಶಾಲೇಲೇ ಯೋಳ್ಬೋದಿತ್ತಲ್ಲವ್ವ,” ಎಂದು ಶಂಕರಮ್ಮ, ತನಗೇ ತಿಳಿಯದೆ ಊರ ಮಾತಿನಲ್ಲಿ ಕೇಳಿದಳು.

“ಯೋಳ್ದೆನಲ್ಲ,” ಎಂದಳು ಪುಟ್ಟಗೌರಮ್ಮ. “ನಮ್ಮ ಕೈಲಿ ಏನದೆ ಅಂತ ಯೋಳ್ದೆನಲ್ಲ.”

ಶಂಕರಮ್ಮ ಗದ್ದೆಯ ಬದುವಿನ ಮೇಲೆ ಹಿಂದಿರುಗಿದಳು. ಶಾಲೆಗೆ ಬಾ, ಬಿಟ್ಟ ಪಾಠ ನಾನೇ ಸಂಜೆ ಹೇಳಿಕೊಡುತ್ತೇನೆ ಎಂದು ಹೇಳಿ ಬಂದಿದ್ದಳು. ಹುಡುಗಿ ನಾಲ್ಕು ದಿನ ಬಂದಳು, ಹಿಂದಿನ ಸಾಲಿನಲ್ಲಿ ಕೂತಳು, ಆಮೇಲೆ ನಿಂತುಹೋದಳು. ಕಳೆ ಕೀಳುವ ಹದಿನೈದು ದಿನ ಶಾಲೆಯನ್ನು ಮುಂಜಾನೆಗೆ ತಿರುಗಿಸಿ ಎಂದು ಗುರುಪಾದಸ್ವಾಮಿಯವರನ್ನು ಕೇಳಿದರೆ, “ಅದು ಜಿಲ್ಲಾ ಬೋರ್ಡಿನೋರ ಕೈಲಿದೆ,” ಎಂದರು. ಆ ವರ್ಷದಿಂದ ಮುಂದೆ ಶಂಕರಮ್ಮ ಮಕ್ಕಳನ್ನು ಬೈಯುವುದನ್ನು ಬಿಡಲಿಲ್ಲ. ಆದರೆ ಬೈಯುವ ಮುಂಚೆ ಒಂದು ಪ್ರಶ್ನೆ ಕೇಳುತ್ತಿದ್ದಳು, “ನಿನ್ನೆ ಸಂಜೆ ಏನೇನು ಕೆಲಸ ಮಾಡಿದೆ ಹೇಳು.” ಉತ್ತರ ಪೂರ್ತಿ ಕೇಳಿದ ಮೇಲೆಯೇ ಬೈಯಬೇಕೋ ಬೇಡವೋ ತೀರ್ಮಾನಿಸುತ್ತಿದ್ದಳು.

ಎಂಟನೇ ಕ್ಲಾಸಿನ ಕೊನೆಯಲ್ಲಿ ಸರ್ಕಾರಿ ಪರೀಕ್ಷೆ. ಅದು ಪಾಸಾದರೆ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಬಹುದು. ಕೆಂಪಾಜಮ್ಮ ಆ ವಿಷಯವನ್ನು ತಾನೇ ವಿಚಾರಿಸಿ ತಿಳಿದುಕೊಂಡಿದ್ದಳು. ಪರೀಕ್ಷೆ ನಲವತ್ತೊಂಬತ್ತರ ಏಪ್ರಿಲ್ ಮೊದಲ ಸೋಮವಾರದಿಂದ ನಾಲ್ಕು ದಿನ, ಕೊಳ್ಳೇಗಾಲದಲ್ಲಿ. ಎರಡು ವಾರ ಮುಂಚೆ ಒಂದು ಸಂಜೆ ಅವಳು ಶಾಲೆಗೆ ಬಂದು, ಪುಸ್ತಕದ ಗಂಟನ್ನು ಮೇಜಿನ ಮೇಲೆ ಇಟ್ಟಳು.

“ನಾನು ಬರಿಯಾಕಿಲ್ಲ ಟೀಚರಮ್ಮ. ಪರೀಕ್ಸೆ ನಡುವಿನ ಬುಧವಾರ ನನ್ನ ಮದ್ವೆ. ಕೌದಳ್ಳಿಗೆ ಕೊಡ್ತಾವ್ರೆ.”

ಶಂಕರಮ್ಮ ಗಂಟನ್ನು ಅವಳ ಕಡೆಗೇ ತಳ್ಳಿದಳು.

“ನಾನು ಓದ್ದೆ,” ಎಂದಳು ಕೆಂಪಾಜಮ್ಮ. “ನಾನು ದಿನಾ ಮೂರು ಲೆಕ್ಕ ಮಾಡ್ದೆ. ನಾನು ಹುಳಕ್ಕೆ ಸೊಪ್ಪು ಹಾಕ್ಬುಟ್ಟು ಕೂತ್ಕಂಡು ಬರ್ದೆ. ಈಗ ‘ನಾನು’ ಅಂತ ಸುರು ಮಾಡಿ ಏನು ಅನ್ಬೇಕು, ನೀವೇ ಯೋಳಿ.”

ಕಣ್ಣಲ್ಲಿ ನೀರಿರಲಿಲ್ಲ. ಟೀಚರ್ ಕಲಿಸಿದ ಪಾಠದಲ್ಲಿ ತೂತು ಸಿಕ್ಕಿದೆ ಎಂದು ತೋರಿಸಲು ಬಂದವಳ ಹಾಗೆ ನಿಂತಿದ್ದಳು. ಶಂಕರಮ್ಮನಿಗೆ ಪುಟ್ಟಗೌರಮ್ಮನ ಮುಖ ನೆನಪಾಯಿತು. ಈ ಸಲ ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಪುಟ್ಟಮಾದಪ್ಪನ ತೋಟಕ್ಕೆ ನಡೆದಳು.

ಪುಟ್ಟಮಾದಪ್ಪ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ. ಕುಡುಗೋಲು ಕೆಳಗಿಟ್ಟು, ತಲೆವಸ್ತ್ರ ಬಿಚ್ಚಿ ನಿಂತ.

“ನಂಗೂ ಆಸೆನೇ ಟೀಚರಮ್ಮ, ಮಗಳು ಬರೀಲಿ ಅಂತ. ನಮ್ಮ ಕೈಲಿ ಏನದೆ? ಅಪ್ಪ ಮಾತು ಕೊಟ್ಟವ್ರೆ.”

ಅಪ್ಪ ಎಂದರೆ ಕೆಂಪನಂಜಪ್ಪ, ಎಪ್ಪತ್ತು ದಾಟಿದ ಮುದುಕ, ಜಗಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತ ಕೂತಿದ್ದ. ಕಿವಿ ಮಂದ. ಶಂಕರಮ್ಮ ಎರಡೆರಡು ಸಲ ಕೂಗಿ ಹೇಳಬೇಕಾಯಿತು.

“ನಾನೇನು ದಿನ ಇಟ್ಟೋನಾ?” ಎಂದ ಮುದುಕ. “ಅಯ್ನೋರು ಕೊಟ್ಟ ದಿನ ಅದು. ಕೊಟ್ಟ ದಿನ ಬುಟ್ರೆ ಒಳ್ಳೇದಾಯ್ತದಾ? ನನ್ ಕೈಲಿ ಏನೂ ಇಲ್ಲ ಕಣವ್ವ.”

ಅಯ್ಯನವರು ಶಿವರುದ್ರಸ್ವಾಮಿ, ಊರ ಮಠದವರು. ಶಂಕರಮ್ಮ ಅಲ್ಲಿಗೆ ಹೋದಾಗ ಅವರು ಅಂಗಳದ ತೆಂಗಿನ ಬುಡಕ್ಕೆ ನೀರು ಹಾಯಿಸುತ್ತಿದ್ದರು. ಅವಳು ಉಸಿರು ಕಟ್ಟಿಕೊಂಡು ಎಲ್ಲವನ್ನೂ ಹೇಳಿ ಮುಗಿಸಿದಳು.

“ನನ್ನದೇನಿದೆ ತಾಯಿ ಇದರಲ್ಲಿ?” ಎಂದರು ಅವರು, ಕೊಡ ಇಳಿಸಿ. “ದಿನ ಕೇಳಿದರು, ಬರೆದುಕೊಟ್ಟೆ. ಎರಡು ದಿನ ಬರೆದುಕೊಟ್ಟೆ. ಆ ಬುಧವಾರ ಒಂದು, ಅಲ್ಲಿಂದ ಹನ್ನೆರಡನೇ ದಿನ ಸೋಮವಾರ ಇನ್ನೊಂದು. ಅವರು ಬುಧವಾರ ಅಂತ ಊರಿಗೆಲ್ಲ ಹೇಳಿದರು. ನಾನು ಯಾಕೆ ಅಡ್ಡ ಬಾಯಿ ಹಾಕಲಿ?”

“ಎರಡು ದಿನವಾ ಬುದ್ಧಿ?”

“ಒಂದೇ ಚೀಟಿಯಲ್ಲಿ. ಎರಡೂ ಚೆನ್ನಾಗಿಯೇ ಇವೆ.”

ಶಂಕರಮ್ಮ ಮಠದ ಕಟ್ಟೆಯ ಮೇಲೆ ಕೂತಳು. ಸಂತೋಷಪಡಬೇಕಾದ ಹೊತ್ತಿನಲ್ಲಿ ಅವಳಿಗೆ ಬಂದದ್ದು ಕೋಪ. ಅಪ್ಪನ ಕೈಯಲ್ಲಿಲ್ಲ, ತಾತನ ಕೈಯಲ್ಲಿಲ್ಲ, ಅಯ್ಯನವರ ಕೈಯಲ್ಲಿಲ್ಲ. ಹಾಗಾದರೆ ಈ ಹುಡುಗಿಯ ಪರೀಕ್ಷೆಯನ್ನು ತಪ್ಪಿಸಿದವರು ಯಾರು? ಯಾರೂ ಅಲ್ಲ. ಆ ಮನೆಯಲ್ಲಿ ಓದು ಬರುವವರಿಲ್ಲ. ಚೀಟಿಯ ಮೊದಲ ಸಾಲನ್ನು ಅಯ್ಯನವರ ಬಾಯಿಂದ ಕೇಳಿ, ಮಡಿಸಿ, ದೇವರ ಗೂಡಿನಲ್ಲಿ ಇಟ್ಟಿದ್ದರು. ಎರಡನೇ ಸಾಲು ಅಲ್ಲೇ ಕೂತಿತ್ತು.

ಅವಳು ಮರಳಿ ಹೋಗಿ ಕೆಂಪಾಜಮ್ಮನನ್ನು ಹಿತ್ತಿಲಿಗೆ ಕರೆದಳು.

“ಆ ಮನೇಲಿ ಅಕ್ಷರ ಓದೋಳು ನೀನೊಬ್ಬಳೇ. ದೇವರ ಗೂಡಲ್ಲಿ ನಿನ್ನ ಮದುವೆ ಚೀಟಿ ಐತೆ. ಒಂದು ದಿನ ತೆಗೆದು ನೋಡ್ಲಿಲ್ವಾ?”

ಕೆಂಪಾಜಮ್ಮ ಬೆರಗಾಗಿ ನೋಡಿದಳು. “ನನ್ನ ಮದ್ವೆ ಚೀಟಿ ನಾನು ನೋಡ್ಬೋದಾ ಟೀಚರಮ್ಮ?”

ಶಂಕರಮ್ಮನಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಎಂಟು ವರ್ಷ ಓದು ಕಲಿಸಿದ್ದೇವೆ, ಓದಬಹುದು ಎಂಬುದನ್ನು ಕಲಿಸಲಿಲ್ಲವಲ್ಲ. “ಹೋಗು, ತೆಗೆದು ನಿನ್ನ ತಾತನ ಕಿವಿಯಲ್ಲಿ ಓದು. ಪೂರ್ತಿ ಓದು. ನಾನು ಇಲ್ಲೇ ನಿಂತಿರ್ತೀನಿ. ನಾನು ಬಾಯಿ ಬಿಡೋದಿಲ್ಲ.”

ಹುಡುಗಿ ಒಳಗೆ ಹೋದಳು. ತಾಯಿ ಶಿವರತ್ನಮ್ಮ “ಮುಟ್ಟಬ್ಯಾಡ ಕಣೆ, ಮುಟ್ಟಬ್ಯಾಡ” ಎಂದದ್ದು ಹಿತ್ತಿಲಿಗೆ ಕೇಳಿಸಿತು. ಆಮೇಲೆ ಜಗಲಿಯಿಂದ ಕೆಂಪಾಜಮ್ಮ ಗಟ್ಟಿಯಾಗಿ, ಕ್ಲಾಸಿನಲ್ಲಿ ಪಾಠ ಓದುವ ರಾಗದಲ್ಲಿ ಎರಡೂ ಸಾಲುಗಳನ್ನು ಓದಿದಳು. ಮುದುಕನಿಗಾಗಿ ಇನ್ನೊಂದು ಸಲ ಓದಿದಳು.

“ತಾತ, ನಾನು ಪರೀಕ್ಸೆ ಬರೀತೀನಿ. ನಾನು ಸೋಮವಾರ ಮದ್ವೆ ಮಾಡ್ಕತೀನಿ. ಎಲ್ಡೂ ಅಯ್ನೋರೇ ಕೊಟ್ಟ ದಿನ.”

ಕುಟ್ಟಾಣಿಯ ಸದ್ದು ನಿಂತಿತು.

“ಬೀಗರು ಒಪ್ಪಾಕಿಲ್ಲ ಕಣ್ಮಗ,” ಎಂದ ಮುದುಕ ಕೊನೆಗೆ. “ಅದು ಅವರ ಕೈಲದೆ.”

ಹಿತ್ತಿಲಲ್ಲಿ ನಿಂತಿದ್ದ ಶಂಕರಮ್ಮ ಬಾಯಿ ಬಿಡುವುದಿಲ್ಲ ಎಂದ ಮಾತನ್ನು ಮುರಿದಳು. ಜಗಲಿಗೆ ಬಂದು, ಹಾಗಾದರೆ ಬೀಗರಿಗೆ ಕಾಗದ ಬರೆಸಿ, ನಾನೇ ಕೊಂಡೊಯ್ಯುತ್ತೇನೆ ಎಂದಳು. ಬರೆಯುವವರು ಯಾರು? ಕೆಂಪಾಜಮ್ಮನೇ ಬರೆದಳು, ತಾತನ ಹೆಸರಿನಲ್ಲಿ. ತನ್ನ ಮದುವೆಯ ದಿನ ಮುಂದಕ್ಕೆ ಹಾಕಬೇಕೆಂದು ಬಿನ್ನಹ. ಮುದುಕ ಹೆಬ್ಬೆಟ್ಟು ಒತ್ತಿದ.

ಮಂಗಳವಾರ ಶಂಕರಮ್ಮ ರಜೆ ಹಾಕಿ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದಳು. ಹನೂರಿನಲ್ಲಿ ಬಸ್ಸು ಕೆಟ್ಟು ಎರಡು ಗಂಟೆ ನಿಂತಿತು. ಹುಣಸೆ ಮರದ ಕೆಳಗೆ ನಿಂತು ಅವಳು ಬೀಗರ ಮುಂದೆ ಆಡಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿದಳು. ವಿದ್ಯೆಯ ಮಹತ್ವ, ಕಾಲ ಬದಲಾಗಿರುವುದು, ಸ್ವಾತಂತ್ರ್ಯ ಬಂದಿರುವುದು. ಜಗಳವಾದರೆ ಅದಕ್ಕೂ ನಾಲ್ಕು ಮಾತು. ಕೌದಳ್ಳಿ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು.

ವರನ ತಂದೆ ಮಹದೇವಯ್ಯನದು ಬೆಟ್ಟದ ರಸ್ತೆಯಲ್ಲಿ ಒಂದು ಅಂಗಡಿ. ಕಾಗದ ತೆಗೆದುಕೊಂಡು ಹಿಂದೆ ಮುಂದೆ ನೋಡಿ, ಅವಳ ಕೈಗೇ ಕೊಟ್ಟ. “ಕಣ್ಣು ಮಂಜು ಕಣವ್ವ. ನೀವೇ ಓದಿ.” ಅವಳು ಓದಿದಳು. ಓದಿ ಮುಗಿಸಿ, ಜೋಡಿಸಿಟ್ಟ ಮಾತುಗಳನ್ನು ಶುರು ಮಾಡಲು ಗಂಟಲು ಸರಿಮಾಡಿಕೊಂಡಳು.

“ಆಗ್ಲಿ ಬುಡಿ,” ಎಂದ ಮಹದೇವಯ್ಯ. “ನಮಗೇನು? ಬುಧವಾರ ಅಂದೋರು ಅವರೇ. ಸೋಮವಾರವಾದ್ರೆ ನಮ್ಮ ಚಪ್ಪರದ ಬಿದ್ರು ಗಳಾನೂ ಅಷ್ಟೊತ್ಗೆ ಬರ್ತವೆ. ನಾವೇ ಕೇಳೋದಾ ಬ್ಯಾಡ್ವಾ, ಹೆಣ್ಣಿನೋರು ಏನಂತಾರೋ ಅಂತ ಇದ್ದೋ.”

ಶಂಕರಮ್ಮ ಅಂಗಡಿಯ ಬೆಂಚಿನ ಮೇಲೆ ಕೂತಳು. ವರನ ತಾಯಿ ಚನ್ನಮಲ್ಲಮ್ಮ ಪಾನಕ ತಂದುಕೊಟ್ಟಳು. “ಈ ಕಾಗದ ಯಾರು ಬರ್ದದ್ದು ಟೀಚರಮ್ಮ? ಅಕ್ಸರ ಸಾಲಾಗವೆ,” ಎಂದು ಕೇಳಿದಳು. ನಿಮ್ಮ ಸೊಸೆಯಾಗುವವಳೇ ಎಂದಾಗ ಆಕೆ ಕಾಗದವನ್ನು ಇಸಿದುಕೊಂಡು, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹಿಂದಿರುಗುವ ಬಸ್ಸಿನಲ್ಲಿ ಶಂಕರಮ್ಮನಿಗೆ ತಲೆ ಸಿಡಿಯುತ್ತಿತ್ತು. ಎಲ್ಲರೂ ಒಳ್ಳೆಯವರೇ. ಯಾರಿಗೂ ಹುಡುಗಿಯ ಪರೀಕ್ಷೆ ತಪ್ಪಲಿ ಎಂದಿರಲಿಲ್ಲ. ಒಬ್ಬರ ಕೈಯನ್ನು ಇನ್ನೊಬ್ಬರು ನೋಡುತ್ತ ಕೂತಿದ್ದರು, ಅಷ್ಟೆ. ಕೆಟ್ಟವನೊಬ್ಬ ಇದ್ದಿದ್ದರೆ ಜಗಳವಾಡಬಹುದಿತ್ತು, ಇಲ್ಲಿ ಜಗಳಕ್ಕೂ ಜನವಿರಲಿಲ್ಲ. ದಾರಿಯಲ್ಲಿ ಇನ್ನೊಂದು ಯೋಚನೆ ಬಂದು ಅವಳನ್ನು ಇರಿಯಿತು. ಕೊಳ್ಳೇಗಾಲ ಪೇಟೆಯ ಶಾಲೆಗೆ ವರ್ಗ ಬೇಕೆಂದು ಅವಳು ಆರು ವರ್ಷದ ಹಿಂದೆ ಒಂದು ಅರ್ಜಿ ಕಳಿಸಿದ್ದಳು. ಉತ್ತರ ಬರಲಿಲ್ಲ. ಯಾರಾದರೂ ಕೇಳಿದರೆ, “ಕೊಯಮತ್ತೂರಿನೋರ ಕೈಲಿದೆ, ಏನು ಮಾಡೋದು,” ಎನ್ನುತ್ತಿದ್ದಳು. ಎರಡನೇ ಸಲ ಕೇಳಿದ್ದಳೇ? ಇಲ್ಲ. ಆರು ವರ್ಷ ಮಕ್ಕಳಿಗೆ ಬೈದುಕೊಂಡು, ಅವರ ಮಾತನ್ನೇ ಆಡಿಕೊಂಡಿದ್ದಳು. ಬಸ್ಸಿನ ಕಿಟಕಿಯಲ್ಲಿ ತನ್ನ ಮುಖ ಕಂಡಾಗ ಅವಳಿಗೆ ಅದರ ಮೇಲೂ ಸಿಡುಕು ಬಂತು.

ಕೆಂಪಾಜಮ್ಮ ನಾಲ್ಕು ದಿನ ಶಂಕರಮ್ಮನ ಮೈದುನನ ಮನೆಯಲ್ಲಿ ಉಳಿದು ಪರೀಕ್ಷೆ ಬರೆದಳು. ಆಮೇಲಿನ ಸೋಮವಾರವಲ್ಲ, ಅದರಾಚೆಯ ಸೋಮವಾರ ಮದುವೆಯಾಯಿತು. ಅರಿಸಿನ ಹಚ್ಚಿದ ಕೈಯಿಂದ ಟೀಚರಿಗೆ ನಮಸ್ಕಾರ ಮಾಡಿ, “ಎಂಟನೇ ಲೆಕ್ಕ ನಾನು ತಪ್ಪು ಮಾಡ್ದೆ, ಮನೆಗೆ ಬಂದ ಮ್ಯಾಲೆ ತಿಳೀತು,” ಎಂದಳು. ಮದುಮಗಳು ಆಡುವ ಮಾತೇ ಅದು ಎಂದು ಪಕ್ಕದವರು ನಕ್ಕರು. ಜೂನಿನಲ್ಲಿ ಫಲಿತಾಂಶ ಬಂತು. ಕೆಂಪಾಜಮ್ಮ ಪಾಸು, ಲೆಕ್ಕದಲ್ಲಿ ನೂರಕ್ಕೆ ಅರವತ್ತೊಂದು. ಪಟೇಲರ ಮಗ ಶಿವಮಲ್ಲ ಫೇಲಾಗಿದ್ದ. ಪ್ರಶ್ನೆಪತ್ರಿಕೆ ಮಾಡಿದವರು ತಮಿಳರು, ಅದಕ್ಕೇ ಹಾಗಾಯಿತು ಎಂದು ಅವನ ತಂದೆ ಜಗಲಿಯಲ್ಲಿ ಕೂತು ಹೇಳುತ್ತಿದ್ದರು. ಶಂಕರಮ್ಮ ಆ ಬೀದಿಯನ್ನು ಬಿಟ್ಟು ಸುತ್ತು ದಾರಿಯಲ್ಲಿ ಶಾಲೆಗೆ ಹೋದಳು.

ಟ್ರೈನಿಂಗಿನ ವಿಷಯ ಅಷ್ಟು ಸುಲಭವಾಗಲಿಲ್ಲ. ಮೊದಲ ವರ್ಷ ಅತ್ತೆ ಬೇಡ ಎಂದಳು. ಎರಡನೇ ವರ್ಷ ಬಸುರಿ. ಮೂರನೇ ವರ್ಷ ಕೂಸಿಗೆ ಸಿಡುಬು. ಅವು ಯಾವುವೂ ಆ ಹುಡುಗಿಯ ಕೈಯಲ್ಲಿರಲಿಲ್ಲ, ಅದನ್ನು ಶಂಕರಮ್ಮ ಒಪ್ಪಿಕೊಂಡಿದ್ದಳು. ಆದರೆ ಕೆಂಪಾಜಮ್ಮ ಪ್ರತಿ ಏಪ್ರಿಲಿನಲ್ಲಿಯೂ ಒಂದು ಕಾಗದ ಬರೆಯುತ್ತಿದ್ದಳು. ಈ ವರ್ಷ ಅರ್ಜಿಯ ಕೊನೆಯ ತಾರೀಖು ಯಾವುದು, ತಿಳಿಸಿ. ಅಷ್ಟೇ ಇರುತ್ತಿತ್ತು. ಐವತ್ಮೂರರಲ್ಲಿ ಅತ್ತೆ ಚನ್ನಮಲ್ಲಮ್ಮನೇ ಗಂಡನ ಹತ್ತಿರ ಮಾತಾಡಿ, ಮೊಮ್ಮಗಳನ್ನು ನಾನು ನೋಡಿಕೊಳ್ಳುತ್ತೇನೆ ಎಂದಳಂತೆ. ಕೌದಳ್ಳಿಯ ಅಂಗಡಿಗೆ ಬರುವ ಹೆಂಗಸರಿಗೆಲ್ಲ ಸೊಸೆಯೇ ಕಾಗದ ಬರೆದುಕೊಡುತ್ತಿದ್ದಳು. ಅತ್ತೆಗೆ ಅದರಲ್ಲಿ ಒಂದು ಹೆಮ್ಮೆ ಹುಟ್ಟಿತ್ತು.

ಶಂಕರಮ್ಮನ ವರ್ಗ ಆಗಲಿಲ್ಲ. ನಲವತ್ತೊಂಬತ್ತರಿಂದ ಪ್ರತಿ ವರ್ಷ ಅರ್ಜಿ ಕಳಿಸಿದಳು. ಪ್ರತಿ ವರ್ಷ ಜಾಗ ಖಾಲಿಯಿಲ್ಲ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಕೇಳಿದ್ದಕ್ಕೆ ಕೊಡಲೇಬೇಕೆಂದು ಎಲ್ಲಿದೆ ಎಂದು ತನಗೆ ತಾನೇ ಹೇಳಿಕೊಂಡರೂ ಆ ಲಕೋಟೆ ಕಂಡಾಗಲೆಲ್ಲ ಅವಳಿಗೆ ಎರಡು ದಿನ ಊಟ ರುಚಿಸುತ್ತಿರಲಿಲ್ಲ. ಗುರುಪಾದಸ್ವಾಮಿಯವರು ಕೇಳಿದ್ದ ಪ್ರಶ್ನೆಗೂ ಅವಳಿಗೆ ಪೂರ್ತಿ ಉತ್ತರ ಸಿಗಲಿಲ್ಲ. ‘ನಾನು’ ಎಂದದ್ದರಿಂದ ಕೆಂಪಾಜಮ್ಮ ಕಲಿತಳೋ, ಕಲಿತದ್ದರಿಂದ ‘ನಾನು’ ಎಂದಳೋ. ಆ ಹನ್ನೆರಡನ್ನು ತಾನೇ ಬರೆದ ಸಂಜೆ ಎರಡೂ ಒಟ್ಟಿಗೇ ಆದವು ಎಂದು ಮಾತ್ರ ಅವಳಿಗೆ ಅನ್ನಿಸುತ್ತಿತ್ತು. ಅದನ್ನು ಅವರಿಗೆ ಹೇಳೋಣವೆಂದರೆ ಅವರು ಅಷ್ಟರಲ್ಲಿ ರಿಟೈರಾಗಿ ಊರು ಬಿಟ್ಟಿದ್ದರು.

ಐವತ್ಮೂರರ ಜೂನಿನಲ್ಲಿ, ಕೆಂಪಾಜಮ್ಮ ಕೊಯಮತ್ತೂರಿನ ಟ್ರೈನಿಂಗ್ ಶಾಲೆಗೆ ಹೊರಟ ಬೆಳಿಗ್ಗೆ, ಕೊಳ್ಳೇಗಾಲದ ಬಸ್ ನಿಲ್ದಾಣಕ್ಕೆ ಶಂಕರಮ್ಮ ಹೋದಳು. ಕೆಂಪಾಜಮ್ಮ ಒಂದು ತಗಡಿನ ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ ಇಟ್ಟುಕೊಂಡು ನಿಂತಿದ್ದ ಗಂಡನ ಪಕ್ಕದಲ್ಲಿದ್ದಳು. ಕಣ್ಣು ಊದಿತ್ತು, ಕೂಸನ್ನು ಬಿಟ್ಟು ಬಂದಿದ್ದಳು. ಶಂಕರಮ್ಮ ಸಮಾಧಾನ ಹೇಳಲಿಲ್ಲ, ಆ ವಿದ್ಯೆ ಅವಳಿಗೆ ಗೊತ್ತಿರಲಿಲ್ಲ.

“ಅಲ್ಲಿ ಸಾರಿಗೆ ಹುಳಿ ಜಾಸ್ತಿ, ಮೊದಲ ವಾರ ಮಜ್ಜಿಗೆಯಲ್ಲೇ ಉಣ್ಣು. ತಮಿಳು ವ್ಯಾಕರಣ ಮೊದಲ ದಿನದಿಂದ ಹಿಡಿ, ನನ್ನಂಗೆ ಕೊನೇ ತಿಂಗಳಿಗೆ ಬಿಡಬ್ಯಾಡ. ತಿಳೀದೆ ಹೋದ್ರೆ ಎದ್ದು ನಿಂತು ಕೇಳು. ನಗ್ತಾರೆ. ನಗ್ಲಿ.”

“ಕೇಳ್ತೀನಿ ಟೀಚರಮ್ಮ.”

“ಮನೆಗೆ ವಾರಕ್ಕೊಂದು ಕಾಗದ ಹಾಕು. ನಿಮ್ಮತ್ತೆಗೆ ಓದಿ ಹೇಳೋಕೆ ಯಾರವ್ರೆ?”

“ನಮ್ಮತ್ತೆನೇ ಓದ್ತಾರೆ,” ಎಂದಳು ಕೆಂಪಾಜಮ್ಮ. “ನಿಧಾನ. ಹೋದ ವರ್ಸದಿಂದ ಕಲಿಸ್ದೆ.”

ಸತ್ಯಮಂಗಲದ ಬಸ್ಸು ಬಂತು. ಪೆಟ್ಟಿಗೆಯನ್ನು ಮೇಲೆ ಹಾಕಿದರು. ಶಂಕರಮ್ಮ ಬಸ್ಸು ಹೊರಡುವ ತನಕ ನಿಲ್ಲಲಿಲ್ಲ. ಎರಡನೇ ಗಂಟೆಯ ಹೊತ್ತಿಗೆ ಶಾಲೆ ಮುಟ್ಟಬೇಕಿತ್ತು, ಮೂವತ್ತೊಂದು ಮಕ್ಕಳ ಲೆಕ್ಕದ ಕಾಗದ ತಿದ್ದದೆ ಬಿದ್ದಿದ್ದವು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಳ್ಳೂರಿನ ರಸ್ತೆ ಹಿಡಿದಳು.